ಹೊಳೆ ಸಿಕ್ಕಲ್ಲಿ ನಿಲ್ಲು

ಕುಮಟಾ

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ಸಿಕ್ಕಿತು. ಗೆಳತಿಯರನ್ನು ಕರೆದುಕೊಂಡು ನಮ್ಮ ಕರಾವಳಿ ನೋಡಲು ಬರುತ್ತಿದ್ದೀಯ ಎಂದು ತಿಳಿದಾಗಿನಿಂದ ನಿನ್ನತ್ತೆಗೂ ನನಗೂ ಅದೇ ಮಾತು. ಪಟ್ಟಿಯಲ್ಲಿ ಮಾತ್ರ ಮೂರು ದಿನಕ್ಕೆ ಹೆಸರಿರುವ ಬೀಚುಗಳನ್ನೆಲ್ಲ ತುಂಬಿಬಿಟ್ಟಿದ್ದೀಯ. ಸ್ವಲ್ಪ ತಿದ್ದಿ ಹೇಳುತ್ತೇನೆ, ಬೇಸರಿಸಬೇಡ.

ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಒಂದೇ ದಿನದಲ್ಲಿ ಆರಾಮಾಗಿ ಮುಟ್ಟಬಹುದು. ಆದ್ದರಿಂದ ದೂರ ನೋಡಿ ದಿನ ಲೆಕ್ಕ ಹಾಕಬೇಡ. ಐದು ದಿನವಾದರೂ ಇಟ್ಟುಕೋ. ಬೀಚು ನೋಡಿ ನಿಲ್ಲುವ ಜಾಗ ಗೊತ್ತುಮಾಡುವುದಕ್ಕಿಂತ ಹೊಳೆ ನೋಡಿ ಗೊತ್ತುಮಾಡು. ಘಟ್ಟದಿಂದ ಇಳಿದುಬಂದ ಫಲ್ಗುಣಿ, ಶಾಂಭವಿ, ಸುವರ್ಣಾ, ಸೀತಾ, ಸೌಪರ್ಣಿಕಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಒಂದಾದ ಮೇಲೊಂದರಂತೆ ಈ ದಾರಿಗೆ ಸಿಗುತ್ತವೆ. ಹೊಳೆ ಕಡಲು ಸೇರುವ ಅಳಿವೆಯಲ್ಲೇ ದೋಣಿಗೆ ಆಸರೆ, ಮೀನಿಗೆ ಮೇವು. ಬಂದರು, ಪೇಟೆ, ಕೋಟೆ ಹುಟ್ಟಿದ್ದೂ ಅಲ್ಲೇ. ಮರಳಿನ ದಂಡೆಗಳು ಎರಡನೆಯ ದಿನಕ್ಕೆ ಒಂದೇ ತರ ಕಾಣತೊಡಗುತ್ತವೆ. ಒಂದು ಅಳಿವೆಯ ಹಾಗೆ ಇನ್ನೊಂದು ಅಳಿವೆ ಇರುವುದಿಲ್ಲ.

ಕಾರವಾರದಿಂದ ಶುರುಮಾಡಿ ದಕ್ಷಿಣಕ್ಕೆ ಇಳಿಯುತ್ತೇವೆ ಎಂದು ಬರೆದಿದ್ದೀಯ. ಅದನ್ನು ತಿರುಗಿಸು. ಮಂಗಳೂರಿನಿಂದ ಉತ್ತರಕ್ಕೆ ಬಂದರೆ ಕಡಲು ನಿನ್ನ ಎಡಕ್ಕೆ ಇರುತ್ತದೆ. ಎಡಬದಿಯಲ್ಲೇ ಕಾರು ಓಡಿಸುವ ನಮಗೆ ಕಡಲ ಕಡೆಯ ಯಾವ ಸಣ್ಣ ರಸ್ತೆಗಾದರೂ ಸಲೀಸಾಗಿ ಇಳಿಯಲು ಬರುತ್ತದೆ; ಡಿವೈಡರಿನಾಚೆ ಹೋಗಲು ಯೂಟರ್ನ್ ಹುಡುಕಬೇಕಿಲ್ಲ, ವೇಗವಾಗಿ ಬರುವ ಲಾರಿಗಳಿಗೆ ಅಡ್ಡ ಹಾಯಬೇಕಿಲ್ಲ. ವಾಪಸು ಹೋಗುವಾಗ ಅಂಕೋಲಾದಿಂದ ಯಲ್ಲಾಪುರ, ಹುಬ್ಬಳ್ಳಿ ಮೇಲೆ ಬೆಂಗಳೂರಿಗೆ ಹೋಗಿ.

ಡಿಸೆಂಬರ್ ಅಥವಾ ಜನವರಿಯಲ್ಲಿ ಬನ್ನಿ. ಮಳೆಗಾಲದ ಕರಾವಳಿ ಚೆಂದ, ನಾನು ಒಪ್ಪುತ್ತೇನೆ. ಆದರೆ ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟು ಇಲ್ಲ. ಇದೇ ಹೆದ್ದಾರಿಯಲ್ಲಿ ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು, ರಸ್ತೆ ಬದಿಯ ಚಹಾ ಅಂಗಡಿಯೂ ಲಾರಿಯೂ ಗಂಗಾವಳಿಯ ಪಾಲಾದವು. ಅದರಲ್ಲಿ ದಾರಿಹೋಕರೂ ಜೀವ ಕಳೆದುಕೊಂಡರು. ಮಳೆಯಲ್ಲಿ ಬರುತ್ತೇವೆ ಎಂದು ಹಟ ಮಾಡಬೇಡ.

ಮೊದಲ ರಾತ್ರಿ ಮಲ್ಪೆಯ ಹತ್ತಿರ ಉಳಿಯಿರಿ. ನಸುಕಿನಲ್ಲೇ ಎದ್ದು ಬಂದರಿಗೆ ಹೋಗಿ. ಬೋಟುಗಳಿಂದ ಮೀನು ಇಳಿಯುತ್ತಿರುತ್ತದೆ, ಹರಾಜು ಕೂಗುತ್ತಿರುತ್ತಾರೆ, ಬುಟ್ಟಿ ಹೊತ್ತ ಮೊಗವೀರ ಹೆಂಗಸರು ದಾರಿ ಬಿಡಿ ಎನ್ನುತ್ತ ನುಗ್ಗುತ್ತಿರುತ್ತಾರೆ. ಅವರ ಕೆಲಸಕ್ಕೆ ಅಡ್ಡಿಯಾಗದಂತೆ ಬದಿಗೆ ನಿಂತು ನೋಡಿ. ಆಮೇಲೆ ಸೇಂಟ್ ಮೇರಿಸ್ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಇನ್ನೂ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ಕಂಬಕಂಬವಾಗಿ ನಿಂತ ಬಂಡೆಗಳು ಅಲ್ಲಿವೆ. ಫೋಟೋ ತೆಗೆಯುವ ಮೊದಲು ಒಮ್ಮೆ ಅವುಗಳ ಮೇಲೆ ಕೈಯಾಡಿಸು.

ಉಡುಪಿ ದಾಟಿ ಬ್ರಹ್ಮಾವರ, ಕೋಟದ ಕಡೆ ಬರುವಷ್ಟರಲ್ಲಿ ಕಿವಿಗೆ ಬೀಳುವ ಮಾತು ತುಳುವಿನಿಂದ ಕುಂದಗನ್ನಡಕ್ಕೆ ತಿರುಗಿರುತ್ತದೆ. ಕೋಟ ಶಿವರಾಮ ಕಾರಂತರು ಹುಟ್ಟಿದ ಊರು. ಬರುವ ಮೊದಲು ‘ಮರಳಿ ಮಣ್ಣಿಗೆ’ ಓದಿಕೊಂಡು ಬಾ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವಿನ ಉಸುಕು ನೆಲದಲ್ಲಿ ಮೂರು ತಲೆಮಾರು ಹೇಗೆ ಬಾಳಿತು ಎಂಬುದು ಆ ಕಾದಂಬರಿ. ಅದನ್ನು ಓದಿದವಳಿಗೆ ಹತ್ತಿರದ ಕೋಡಿ ಬೆಂಗ್ರೆಯ ಮರಳ ಪಟ್ಟಿ ಬರೀ ನೋಟವಾಗಿ ಉಳಿಯುವುದಿಲ್ಲ.

ಎರಡನೆಯ ರಾತ್ರಿ ಕುಂದಾಪುರ. ಅಲ್ಲಿಂದ ಮುಂದೆ ಮರವಂತೆ, ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ಅದರ ಬಗ್ಗೆ ಎಲ್ಲರೂ ಹೇಳಿದ್ದಾರೆ, ನಾನು ಹೇಳುವುದಿಲ್ಲ. ಮುರುಡೇಶ್ವರಕ್ಕೆ ಒಂದು ಬೆಳಿಗ್ಗೆ ಸಾಕು. ಯಕ್ಷಗಾನದ ಮೇಳಗಳು ನವೆಂಬರಿನಿಂದ ಮೇವರೆಗೆ ತಿರುಗಾಟದಲ್ಲಿರುತ್ತವೆ. ಉಳಿದುಕೊಂಡ ಊರಿನಲ್ಲಿ ಚಹಾ ಅಂಗಡಿಯವರನ್ನು ‘ಇವತ್ತು ಆಟ ಎಲ್ಲಿ’ ಎಂದು ಕೇಳು, ಹೇಳುತ್ತಾರೆ. ನಡೆದು ಹೋಗುವಷ್ಟು ಹತ್ತಿರವಿದ್ದರೆ ನಿದ್ದೆ ಕೆಟ್ಟರೂ ಹೋಗಿ.

ಇನ್ನು ನಮ್ಮ ಅಘನಾಶಿನಿ. ಇಲ್ಲಿಗೆ ಎರಡು ರಾತ್ರಿ ಬೇಕು, ಅದರಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟುವ ಈ ಹೊಳೆಗೆ ಕಡಲು ಸೇರುವ ತನಕ ಒಂದೂ ದೊಡ್ಡ ಅಣೆಕಟ್ಟೆ ಇಲ್ಲ. ಪಕ್ಕದ ಶರಾವತಿಗೆ ವಿದ್ಯುತ್ತಿಗಾಗಿ ಲಿಂಗನಮಕ್ಕಿಯಲ್ಲೂ ಗೇರುಸೊಪ್ಪೆಯಲ್ಲೂ ಅಣೆಕಟ್ಟೆ ಕಟ್ಟಿದರು. ವರ್ಷವಿಡೀ ಸಿಹಿನೀರು ಇಳಿದು ಅಳಿವೆಯ ಉಪ್ಪು ತಗ್ಗಿತು, ಬಳಚು ಎಂಬ ಚಿಪ್ಪುಮೀನು ವಿರಳವಾಯಿತು. ಅಘನಾಶಿನಿಯಲ್ಲಿ ಉಬ್ಬರ ಇಳಿತ ಇನ್ನೂ ತನ್ನ ಪಾಡಿಗೆ ನಡೆದಿದೆ. ಇಳಿತದ ಹೊತ್ತು ನೋಡಿಕೊಂಡು ಹೊಳೆ ಬದಿಗೆ ಬಾ. ಸೊಂಟಮಟ್ಟದ ನೀರಿನಲ್ಲಿ ಹೆಂಗಸರು ಗಂಡಸರು ನಿಂತಿರುತ್ತಾರೆ. ಪಾದದಿಂದಲೇ ಕೆಸರು ತಡಕಿ, ಚಿಪ್ಪು ತಾಗಿದ ಕೂಡಲೇ ಬಾಗಿ ಎತ್ತುತ್ತಾರೆ. ಬುಟ್ಟಿಯನ್ನು ನೀರಿನಲ್ಲೇ ಅಲುಗಿಸಿ ತೊಳೆದಾಗ ಚಿಪ್ಪುಗಳು ಒಂದಕ್ಕೊಂದು ತಾಗುವ ಸದ್ದು ದಡದವರೆಗೆ ಕೇಳುತ್ತದೆ.

ಅಳಿವೆಯ ಬದಿಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ, ಉಪ್ಪುನೀರನ್ನೂ ತಡೆದುಕೊಳ್ಳುವ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಬದಿಯಲ್ಲೇ ಸಾಣಿಕಟ್ಟಾದ ಉಪ್ಪಿನ ಆಗರ. ಅನ್ನ, ಮೀನು, ಉಪ್ಪು ಮೂರನ್ನೂ ಒಂದೇ ಹೊಳೆ ಕೊಡುವುದನ್ನು ನಿನ್ನ ಗೆಳತಿಯರಿಗೆ ಕಣ್ಣಾರೆ ತೋರಿಸು. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಮಿರ್ಜಾನ್ ಕೋಟೆಯೂ ಈ ಹೊಳೆಯ ಆಸರೆಯಲ್ಲೇ ಇದೆ. ಗೋಕರ್ಣದ ಓಂ ಬೀಚು ನಿನ್ನ ಪಟ್ಟಿಯಲ್ಲಿ ಮೊದಲು ಇತ್ತು, ಇರಲಿ, ಇಲ್ಲಿಂದ ಹೋಗಿ ಬರಬಹುದು. ಕಾರವಾರಕ್ಕೆ ಕೊನೆಯ ದಿನ ಸಾಕು; ಕಾಳಿ ಸೇತುವೆ ದಾಟಿ ಸದಾಶಿವಗಡದ ಮೇಲಿಂದ ಅಳಿವೆ ನೋಡಿ ತಿರುಗಿ.

ಕತ್ತಲಾದ ಮೇಲೆ ಕಾರು ಓಡಿಸಬೇಡಿ. ಹೆದ್ದಾರಿಯಲ್ಲಿ ದನಗಳು ಮಲಗಿರುತ್ತವೆ, ಕೆಲವು ಕಡೆ ದೀಪವಿರುವುದಿಲ್ಲ. ದಿನಕ್ಕೆ ಎರಡು ಜಾಗಕ್ಕಿಂತ ಹೆಚ್ಚು ಬರೆದುಕೊಳ್ಳಬೇಡ, ಮಧ್ಯಾಹ್ನದ ಮೇಲೆ ಏನೂ ಬರೆಯದೆ ಬಿಡು. ಹೋಂಸ್ಟೇಯವರಿಗೆ ರಾತ್ರಿ ಊಟ ಬೇಕೆಂದು ಮಧ್ಯಾಹ್ನವೇ ಫೋನ್ ಮಾಡಿ ತಿಳಿಸಿ. ಊಟದ ಹೊತ್ತಿಗೆ ಮೀನು ತರಿಸಿರುತ್ತಾರೆ.

ಒಂದು ಮಾತನ್ನು ಮಾತ್ರ ಕೇಳಲೇಬೇಕು. ಅಳಿವೆಯಲ್ಲಿ ನಿಲ್ಲು ಎಂದೆ, ನೀರಿಗಿಳಿ ಎನ್ನಲಿಲ್ಲ. ಹೊಳೆ ಕಡಲು ಕೂಡುವಲ್ಲಿ ಸೆಳೆತ ಬಹಳ, ಮೇಲಿನಿಂದ ಗೊತ್ತಾಗುವುದಿಲ್ಲ. ಬಯಲು ಬೀಚಿನಲ್ಲೂ ಹಾಗೆಯೇ: 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಹುಡುಗಿಯರು ನೀರುಪಾಲಾದರು. ಜೀವರಕ್ಷಕರು ಇಲ್ಲದ ಕಡೆ ಪಾದ ತೋಯಿಸಿದರೆ ಸಾಕು. ಅವರು ಸೀಟಿ ಊದಿದರೆ ಆ ಕ್ಷಣವೇ ಮೇಲೆ ಬನ್ನಿ. ನಿನ್ನ ಗೆಳತಿಯರಿಗೂ ಇದನ್ನು ಓದಿ ಹೇಳು. ದಿನ ಗೊತ್ತಾದ ಕೂಡಲೇ ತಿಳಿಸು, ಅಘನಾಶಿನಿಯ ಎರಡು ರಾತ್ರಿ ನಮ್ಮ ಮನೆಯಲ್ಲೇ.

ಇಂತಿ ನಿನ್ನ ಪ್ರೀತಿಯ
ಮಾವ