ಹೊಲದ ನಾಲ್ಕು ಬದಿಗಳೂ ಐದನೆಯ ಅಳತೆಯೂ

ಅಣ್ಣತಮ್ಮಂದಿರಿಬ್ಬರು ತಂದೆಯ ಭೂಮಿಯನ್ನು ಹಂಚಿಕೊಂಡರೆಂದು ಇಟ್ಟುಕೊಳ್ಳೋಣ. ಅಣ್ಣನ ಹೊಲದ ನಾಲ್ಕು ಬದಿಗಳೂ ತಲಾ 13 ಕೋಲು. ತಮ್ಮನ ಹೊಲದ ಬದಿಗಳೂ ತಲಾ 13 ಕೋಲು. ಹಗ್ಗ ಹಿಡಿದು ಸುತ್ತಲೂ ಅಳೆದ ಹಿರಿಯರು ಪಾಲು ಸಮವಾಯಿತೆಂದು ಎದ್ದುಹೋದರು. ಆದರೆ ಅಣ್ಣನ ಹೊಲದ ಮೂಲೆಗಳು ಮೂಲೆಮಟ್ಟಕ್ಕೆ ಸರಿಯಾಗಿವೆ. ತಮ್ಮನ ಹೊಲವು ಓರೆಯಾಗಿ ವಾಲಿದೆ. ತಮ್ಮನಿಗೆ ಅನ್ಯಾಯವಾಯಿತೋ ಇಲ್ಲವೋ?

ಇದನ್ನು ತಿಳಿಯುವದಕ್ಕೆ ನಾಲ್ಕು ಸಮನಾದ ಬಿದಿರುಕಡ್ಡಿಗಳನ್ನು ತುದಿತುದಿಗೆ ದಾರದಿಂದ ಕಟ್ಟಿ ಚೌಕ ಮಾಡಿರಿ. ಒಂದು ಮೂಲೆಯನ್ನು ತಳ್ಳಿದರೆ ಚೌಕವು ವಾಲುವದು. ಇನ್ನೂ ತಳ್ಳಿದರೆ ಕಡ್ಡಿಗಳು ಒಂದಕ್ಕೊಂದು ತಾಗಿ ನಡುವಿನ ಸ್ಥಳವೇ ಇಲ್ಲದೆ ಹೋಗುವದು. ಕಡ್ಡಿಗಳಾದರೋ ಕೂದಲೆಳೆಯಷ್ಟೂ ಕುಗ್ಗಲಿಲ್ಲ. ಆದಕಾರಣ ಬದಿಗಳ ಉದ್ದವೊಂದರಿಂದಲೇ ಚತುರ್ಭುಜದ ಆಕಾರವಾಗಲಿ ಕ್ಷೇತ್ರಫಲವಾಗಲಿ ನಿಶ್ಚಯವಾಗದು. ಈಗ ಎದುರುಬದುರಿನ ಎರಡು ಮೂಲೆಗಳಿಗೆ ಐದನೆಯ ಕಡ್ಡಿಯನ್ನು ಕಟ್ಟಿರಿ, ಅಲುಗಾಟ ನಿಲ್ಲುವದು. ಯಾಕಂದರೆ ಅದು ಎರಡು ತ್ರಿಕೋಣಗಳಾಯಿತು. ಮೂರು ಬದಿಗಳು ಗೊತ್ತಾದ ತ್ರಿಕೋಣಕ್ಕೆ ಆಕಾರವು ಒಂದೇ. ಈ ಐದನೆಯದಕ್ಕೆ ಕರ್ಣವೆಂದು ಹೆಸರು.

1150ರಲ್ಲಿ ಲೀಲಾವತಿಯನ್ನು ಬರೆದ ಭಾಸ್ಕರಾಚಾರ್ಯನು, ಲಂಬವನ್ನಾಗಲಿ ಕರ್ಣವನ್ನಾಗಲಿ ತಿಳಿಸದೆ ಚತುರ್ಭುಜದ ಫಲವನ್ನು ಕೇಳುವವನನ್ನು ಪಿಶಾಚಿಯೆಂದು ಜರೆದು, ಅದಕ್ಕೆ ಉತ್ತರ ಕೊಡುವವನನ್ನು ಇನ್ನೂ ಹೆಚ್ಚಾಗಿ ಜರೆದಿದ್ದಾನೆ. ಮಾತು ಕಟುವೇ ಸರಿ. ಹೊಲ ಕಳಕೊಂಡ ತಮ್ಮನಿಗೆ ಹಾಗೆ ತೋರಲಿಕ್ಕಿಲ್ಲ.

ತಮ್ಮನ ಹೊಲದ ಸಣ್ಣ ಕರ್ಣವು 10 ಕೋಲು ಆಗಿರಲಿ. ಬದಿಗಳು ಸಮನಾಗಿರುವಲ್ಲಿ ಕರ್ಣಗಳು ಒಂದನ್ನೊಂದು ಸರಿಯಾಗಿ ನಡುವೆ, ಲಂಬವಾಗಿ, ಕಡಿಯುತ್ತವೆ. 13ರ ವರ್ಗ 169. ಅದರಿಂದ 5ರ ವರ್ಗ 25ನ್ನು ಕಳೆದರೆ 144. ಅದರ ಮೂಲ 12. ಹೀಗೆ ದೊಡ್ಡ ಕರ್ಣವು 24. ಹತ್ತನ್ನು ಇಪ್ಪತ್ತನಾಲ್ಕರಿಂದ ಗುಣಿಸಿ ಅರ್ಧ ಮಾಡಿದರೆ ತಮ್ಮನ ಪಾಲು 120 ಚದರ ಕೋಲು, ಅಣ್ಣನದು 169!

ನಕ್ಷೆ ಬರೆಯುವವರೂ ಇಲ್ಲಿಯೇ ಎಡವುತ್ತಾರೆ. ನಕ್ಷೆಯು ಹೊಲಕ್ಕೆ ಸಮರೂಪವಾಗಬೇಕಾದರೆ ಬದಿಗಳು ಒಂದೇ ಪ್ರಮಾಣದಲ್ಲಿ ಇರುವದು ಸಾಲದು, ಮೂಲೆಗಳೂ ಸಮನಾಗಿರಬೇಕು. ತ್ರಿಕೋಣದಲ್ಲಿ ಮಾತ್ರ ಒಂದು ಇದ್ದರೆ ಮತ್ತೊಂದು ತಾನೇ ಬರುವದು. ಆದದರಿಂದ ಮೊದಲು ಕರ್ಣವನ್ನು ಎಳೆದು, ಅದರ ಎರಡು ಕಡೆಗಳಲ್ಲಿ ಕೈವಾರದಿಂದ ತ್ರಿಕೋಣಗಳನ್ನು ಬರೆಯಬೇಕು. 2 ಕೋಲಿಗೆ 1 ಅಂಗುಲದಂತೆ ತಮ್ಮನ ಹೊಲವನ್ನು ಬರೆದರೆ ಕಾಗದದ ಮೇಲೆ 30 ಚದರ ಅಂಗುಲ ಬರುವದು. ಅದನ್ನು 2ರಿಂದ ಗುಣಿಸುವವರುಂಟು. ಉದ್ದವೂ ಅಗಲವೂ ಇಮ್ಮಡಿಯಾದದರಿಂದ 4ರಿಂದ ಗುಣಿಸಬೇಕು.

ಅಭ್ಯಾಸಕ್ಕಾಗಿ: ಬದಿಗಳು ತಲಾ 25 ಕೋಲು, ಒಂದು ಕರ್ಣ 14 ಕೋಲು ಇರುವ ಹೊಲದ ಫಲವೆಷ್ಟು? 336 ಬಂದರೆ ಲೆಕ್ಕ ಸರಿ. 625 ಬಂದರೆ ಕರ್ಣವನ್ನು ಮರೆತಿದ್ದೀರಿ.