ಕೋಣೆ ಕತ್ತಲಾದ ಮಾತ್ರಕ್ಕೆ ತಂಪಾಗದು: ರೋಲರ್ ಬ್ಲೈಂಡ್ ಮಾಡಿಸುವ ಮುನ್ನ

ಕೊಪ್ಪಳ, ಗಂಗಾವತಿಯ ಹೊಸ ಬಡಾವಣೆಗಳಲ್ಲಿ ಬಟ್ಟೆಯ ಪರದೆಯ ಜಾಗಕ್ಕೆ ರೋಲರ್ ಬ್ಲೈಂಡ್ ಬರುತ್ತಿದೆ. ಕಿಟಕಿಯ ಅಳತೆ ಕೊಟ್ಟು ಮಾಡಿಸಿದರೆ ಚೊಕ್ಕವಾಗಿ ಕೂರುತ್ತದೆ, ಸರಪಳಿ ಎಳೆದರೆ ಮೇಲೆ ಸುತ್ತಿಕೊಳ್ಳುತ್ತದೆ. ಕುಷ್ಟಗಿ, ಯಲಬುರ್ಗಾದಲ್ಲೂ ಹೊಸದಾಗಿ ಮನೆ ಕಟ್ಟಿಸಿದವರು ಇದನ್ನೇ ಕೇಳುತ್ತಾರೆ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಇಂಥ ಮನೆಗೆ ಹೋದರೆ ಕಾಣುವುದು ಬೇರೆಯೇ ಚಿತ್ರ. ಕಾಫಿ ಬಣ್ಣದ ದಪ್ಪ ಬ್ಲೈಂಡ್ ಪೂರ್ತಿ ಇಳಿಬಿಟ್ಟಿರುತ್ತಾರೆ. ಹಾಡಹಗಲಲ್ಲಿ ಲೈಟು ಉರಿಯುತ್ತಿರುತ್ತದೆ, ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿರುತ್ತದೆ. ದುಡ್ಡು ಕೊಟ್ಟು ಕತ್ತಲೆ ಕೊಂಡಂತಾಗಿದೆ, ತಂಪು ಮಾತ್ರ ಬಂದಿಲ್ಲ.

ಮೊದಲಿನ ಮಾಳಿಗೆ ಮನೆಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದಪ್ಪ ಗೋಡೆ, ಮಣ್ಣಿನ ಮೇಲ್ಛಾವಣಿ, ಸಣ್ಣ ಕಿಟಕಿ ಮತ್ತು ಬೆಳಕಿಂಡಿ ಇರುತ್ತಿದ್ದವು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಊರುಗಳು ಬೆಳೆದವು, ಆರ್‌ಸಿಸಿ ಮನೆಗಳು ಎದ್ದವು, ಕಿಟಕಿ ದೊಡ್ಡದಾಗಿ ಗಾಜು ಅಗಲವಾಯಿತು. ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅದರ ಲೆಕ್ಕ ಮಾತ್ರ ನಕ್ಷೆಯಲ್ಲಿ ಬರಲಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಮೇಲಿನ ಮಹಡಿಯಾಗಿದ್ದರೆ, ಮನೆಯೊಳಗೆ ಬರುವ ಝಳದ ದೊಡ್ಡ ಪಾಲು ಸ್ಲ್ಯಾಬಿನಿಂದಲೇ ಇಳಿಯುತ್ತದೆ. ಬ್ಲೈಂಡಿಗೆ ದುಡ್ಡು ಹಾಕುವ ಮೊದಲು ಮಾಳಿಗೆಗೆ ಸುಣ್ಣವನ್ನೋ ಬಿಸಿಲು ತಡೆಯುವ ಬಿಳಿ ಬಣ್ಣವನ್ನೋ ಹೊಡೆಸಿ. ಕಿಟಕಿಯ ಕೆಲಸ ಆಮೇಲಿನದು.

ಯಾವ ಕಿಟಕಿಗೆ ಬೇಕು?

ಬಹಳಷ್ಟು ಮನೆಗಳಲ್ಲಿ ಮೊದಲ ಬ್ಲೈಂಡ್ ಬೀಳುವುದು ಬೀದಿಗೆ ಕಾಣುವ ಪಡಸಾಲೆಯ ಕಿಟಕಿಗೆ. ಅದು ಉತ್ತರಕ್ಕಿದ್ದರೂ ಅಲ್ಲಿಗೇ. ಪಶ್ಚಿಮಕ್ಕಿರುವ ಮಲಗುವ ಕೋಣೆ ಹಾಗೇ ಬೇಯುತ್ತಿರುತ್ತದೆ.

ಮನೆಯ ಕಿಟಕಿಗಳನ್ನೆಲ್ಲ ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ನಾಲ್ಕೂವರೆಗೆ ನೋಡಿ. ಒಳಗಿನ ನೆಲದ ಮೇಲೆ ಬಿಸಿಲು ಎಲ್ಲಿಯವರೆಗೆ ಬರುತ್ತದೆಯೋ ಅಲ್ಲಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆ ಎಲ್ಲಿ ಉದ್ದವೋ ಆ ಕಿಟಕಿಗೆ ಮೊದಲ ಹಣ.

ನಮ್ಮ ಜಿಲ್ಲೆ ಇರುವುದು ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟ್ ಎರಡನೇ ವಾರದವರೆಗೂ ಮಧ್ಯಾಹ್ನದಲ್ಲಿ ಅವನು ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಬೇಸಿಗೆಯಲ್ಲಿ ದಕ್ಷಿಣದ ಕಿಟಕಿಗೆ ಹೆದರಬೇಕಿಲ್ಲ. ಒಂದೂವರೆ ಅಡಿ ಸಜ್ಜಾ ಇದ್ದರೆ, ಮಾರ್ಚ್ ಕೊನೆಗೆ ಆ ದಿಕ್ಕಿನ ನಾಲ್ಕಡಿ ಎತ್ತರದ ಕಿಟಕಿಯನ್ನು ಮಧ್ಯಾಹ್ನದ ನೆರಳೇ ಪೂರ್ತಿ ಮುಚ್ಚುತ್ತದೆ. ಪಶ್ಚಿಮದ ಕಥೆ ಹಾಗಲ್ಲ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆ ಹೊತ್ತಿಗೆ ಸೂರ್ಯ ದಿಗಂತದಿಂದ ಸುಮಾರು 30 ಡಿಗ್ರಿಗೆ ಇಳಿದಿರುತ್ತಾನೆ. ಅಷ್ಟೇ ಅಗಲದ ಸಜ್ಜಾ ಆಗ ಒಂದಡಿಯಷ್ಟೂ ನೆರಳು ಕೊಡುವುದಿಲ್ಲ, ಉಳಿದ ಗಾಜೆಲ್ಲ ಬಿಸಿಲಿಗೆ ತೆರೆದಿರುತ್ತದೆ. ಬ್ಲೈಂಡ್ ಬೇಕಾದ್ದು ಅಲ್ಲಿ. ಪೂರ್ವದ್ದು ಎರಡನೆಯ ಸರದಿ. ಉತ್ತರದ ಕಿಟಕಿಗೆ ಮೇ, ಜೂನ್‌ನಲ್ಲಿ ಸಂಜೆಯ ಓರೆ ಬಿಸಿಲು ಸ್ವಲ್ಪ ಹೊಡೆಯುತ್ತದೆ, ಅದಕ್ಕೆ ಸಾದಾ ಪರದೆ ಸಾಕು.

ಮುಂಭಾಗದ ಅಂದ ಕೆಡುತ್ತದೆಂದು ಸಜ್ಜಾವನ್ನೇ ಕೈಬಿಡುವ ನಕ್ಷೆಗಳು ಈಗ ಹೆಚ್ಚಾಗಿವೆ. ನಮ್ಮ ಬಿಸಿಲಿನ ಸೀಮೆಗೆ ಇದು ಶುದ್ಧ ತಪ್ಪು. ಗಾಜಿನ ಹೊರಗೆ ತಡೆದ ಬಿಸಿಲೇ ನಿಜವಾಗಿ ತಡೆದ ಬಿಸಿಲು. ಸಜ್ಜಾ, ಬಿದಿರಿನ ತಟ್ಟಿ, ವರಾಂಡಕ್ಕೆ ಇಳಿಬಿಟ್ಟ ಚಾಪೆ, ಕಿಟಕಿಯಾಚೆ ಒಂದು ಬೇವಿನ ಗಿಡ, ಇವುಗಳಲ್ಲಿ ಯಾವುದಾದರೂ ಆಗುವಂತಿದ್ದರೆ ಮೊದಲು ಅದನ್ನು ಮಾಡಿ. ಒಳಗಿನ ಬ್ಲೈಂಡ್ ಅದಕ್ಕೆ ಜೊತೆಯಾಗಬಲ್ಲದೇ ಹೊರತು ಬದಲಿ ಆಗಲಾರದು.

ಬೆನ್ನಿನ ಬಣ್ಣ ನೋಡಿ

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಬಟ್ಟೆ ತೋರಿಸುತ್ತಾರೆ. ಬ್ಲ್ಯಾಕೌಟ್ ಬೆಳಕನ್ನು ಪೂರ್ತಿ ತಡೆಯುತ್ತದೆ. ಸನ್‌ಸ್ಕ್ರೀನ್ ಜಾಳಿಗೆಯಂಥದ್ದು, ಅದರಲ್ಲಿ ತೂತಿನ ಪ್ರಮಾಣವನ್ನು 1, 3, 5, 10 ಶೇಕಡಾ ಎಂದು ಹೇಳುತ್ತಾರೆ. ಪಶ್ಚಿಮದ ಕಿಟಕಿಗೆ ಶೇ. 3ಕ್ಕಿಂತ ಹೆಚ್ಚಿನದು ಬೇಡ. ಪಟ್ಟೆಪಟ್ಟೆಯ ಜೀಬ್ರಾ ಬ್ಲೈಂಡ್ ಚೆಂದ ನಿಜ, ಆದರೆ ಅದರ ಜಾಳು ಪಟ್ಟಿಯಿಂದ ಬಿಸಿಲು ನುಸುಳುತ್ತದೆ. ನಾನಂತೂ ನಮ್ಮ ಕಡೆಯ ಪಶ್ಚಿಮದ ಕಿಟಕಿಗೆ ಅದನ್ನು ಹೇಳಲಾರೆ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಬಟ್ಟೆ ಆರಿಸುವಾಗ ಎಲ್ಲರೂ ನೋಡುವುದು ಕೋಣೆಗೆ ಕಾಣುವ ಮಗ್ಗುಲನ್ನು. ಸೋಫಾಕ್ಕೆ ಹೊಂದುತ್ತದೆಯೇ, ಗೋಡೆಗೆ ಒಪ್ಪುತ್ತದೆಯೇ ಎಂದು ಯೋಚಿಸುತ್ತಾರೆ. ಬಿಸಿಲು ನೋಡುವುದು ಇನ್ನೊಂದು ಮಗ್ಗುಲನ್ನು, ಅಂದರೆ ಗಾಜಿನ ಕಡೆಗಿರುವ ಬೆನ್ನನ್ನು. ಕೋಣೆ ತಂಪಾಗುತ್ತದೋ ಇಲ್ಲವೋ ಎಂಬುದು ಬಹುಪಾಲು ಆ ಬೆನ್ನಿನ ಬಣ್ಣದಲ್ಲಿದೆ.

ಕಾರಣ ಸರಳ. ಸಾದಾ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಒಳಗೆ ಬಿಡುತ್ತದೆ. ಒಳಗೆ ಬಂದ ಬೆಳಕು ಬಿಳಿಯ ಮೇಲೆ ಬಿದ್ದರೆ ಹೆಚ್ಚಿನಂಶ ಬೆಳಕಾಗಿಯೇ ತಿರುಗಿ ಗಾಜು ದಾಟಿ ಹೊರಗೆ ಹೋಗುತ್ತದೆ. ಕಂದು, ಕಡುನೀಲಿ, ಕಪ್ಪಿನ ಮೇಲೆ ಬಿದ್ದರೆ ಬಟ್ಟೆ ಅದನ್ನು ಹೀರಿಕೊಂಡು ಕಾಯುತ್ತದೆ. ಹಾಗೆ ಹುಟ್ಟಿದ ಕಾವು ಗಾಜು ದಾಟಿ ಮರಳಿ ಹೋಗಲಾರದು, ಕೋಣೆಗೇ ಇಳಿಯುತ್ತದೆ. ಕತ್ತಲೆ ಮಾಡಿದ ಅದೇ ಬ್ಲೈಂಡ್ ರೊಟ್ಟಿ ಹೆಂಚಿನ ಹಾಗೆ ಕಾದು ಬಿಸಿಲು ಇಳಿಯುವವರೆಗೂ ಝಳ ಬಿಡುತ್ತಿರುತ್ತದೆ. ಬ್ಲ್ಯಾಕೌಟ್ ತಡೆಯುವುದು ಬೆಳಕನ್ನು. ಬೆನ್ನು ಬಿಳಿಯದೋ ಬೆಳ್ಳಿ ಬಣ್ಣದ್ದೋ ಆಗಿದ್ದರೆ ಮಾತ್ರ ಬಿಸಿಯನ್ನೂ ತಡೆಯುತ್ತದೆ.

ನಂಬಿಕೆ ಬರದಿದ್ದರೆ ಅಂಗಡಿಯಿಂದ ಎರಡು ತುಂಡು ನಮೂನೆ ಕೇಳಿ ತನ್ನಿ. ಒಂದರ ಬೆನ್ನು ಬಿಳಿ, ಇನ್ನೊಂದರದು ಕಡುಬಣ್ಣದ್ದಾಗಿರಲಿ. ಸಂಜೆ ನಾಲ್ಕಕ್ಕೆ ಪಶ್ಚಿಮದ ಗಾಜಿನಿಂದ ಎರಡು ಬೆರಳು ಬಿಟ್ಟು ಎರಡನ್ನೂ ಪಕ್ಕಪಕ್ಕ ಟೇಪು ಹಚ್ಚಿ ತೂಗುಬಿಡಿ. ಅರ್ಧ ಗಂಟೆಯಾದ ಮೇಲೆ ಕೋಣೆಯ ಕಡೆಯಿಂದ ಅಂಗೈ ಇಟ್ಟು ನೋಡಿ. ಮಾರುವವರ ಮಾತಿಗಿಂತ ಆ ಅಂಗೈ ಹೇಳುವುದನ್ನು ನಂಬಿ.

ಇಷ್ಟು ತಿಳಿದು ಸರಿಯಾದ ಬಟ್ಟೆ ಆರಿಸಿದವರೂ ಕೊನೆಗೆ ಮೋಸಹೋಗುವ ಜಾಗ ಒಂದಿದೆ, ಜೋಡಣೆ. ಬಟ್ಟೆ ಸುರುಳಿಯ ಹಿಂಬದಿಯಿಂದ, ಗಾಜಿಗೆ ಹತ್ತಿರವಾಗಿ ಇಳಿಯುವುದು ರೂಢಿಯ ಕ್ರಮ. ಹಾಗೆ ಸುತ್ತಿದಾಗ ಮೇಲಿನ ಸುರುಳಿಯಲ್ಲಿ ಬಟ್ಟೆಯ ಬೆಳ್ಳಿ ಬೆನ್ನು ಕೋಣೆಗೆ ಕಾಣುತ್ತದೆ. ಇದು ಅಸಹ್ಯ ಎಂದು ಮನೆಯವರು ಗೊಣಗುತ್ತಾರೆ. ಜೋಡಿಸಲು ಬಂದ ಹುಡುಗ ಬಟ್ಟೆಯನ್ನೇ ಮಗುಚಿ ಹಾಕಿಬಿಡುತ್ತಾನೆ. ಸುರುಳಿ ಅಂದವಾಯಿತು, ಬೆಳ್ಳಿ ಮಗ್ಗುಲು ಕೋಣೆಗೆ ಬಂತು, ಕಂದು ಮಗ್ಗುಲು ಬಿಸಿಲಿಗೆ ಹೋಯಿತು. ಬೀದಿಯಿಂದ ನೋಡಿದವರಿಗೆ ಬಣ್ಣ ಕಾಣಲಿ ಎಂದು ತಾವೇ ಹೀಗೆ ಹಾಕಿಸಿಕೊಂಡವರೂ ಇದ್ದಾರೆ. ಎರಡೂ ಬೇಡ. ಸುರುಳಿ ಕಾಣಬಾರದೆಂದರೆ ಮೇಲೊಂದು ಕ್ಯಾಸೆಟ್ ಪೆಟ್ಟಿಗೆ ಹಾಕಿಸಿ, ಇಲ್ಲವೇ ಬಟ್ಟೆ ಮುಂಬದಿಯಿಂದ ಇಳಿಯುವ ರಿವರ್ಸ್ ರೋಲ್ ಕೇಳಿ. ಬಿಳಿ ಬೆನ್ನು ಮಾತ್ರ ಯಾವತ್ತೂ ಗಾಜಿನ ಕಡೆಗೇ ಇರಬೇಕು. ಕೆಲಸ ಮುಗಿದ ಕೂಡಲೇ ಹೊರಗೆ ಅಂಗಳಕ್ಕೆ ಬಂದು ನಿಂತು ನೋಡಿ. ಕಿಟಕಿಯಲ್ಲಿ ಬಿಳಿ ಕಂಡರೆ ಸರಿ, ಬಣ್ಣ ಕಂಡರೆ ಜೋಡಿಸಿದವನನ್ನು ಬಿಡಬೇಡಿ.

ಸನ್‌ಸ್ಕ್ರೀನ್ ಬಟ್ಟೆಯಲ್ಲಿ ಒಂದು ಇಕ್ಕಟ್ಟಿದೆ. ಎರಡೂ ಕಡೆ ಬಿಳಿಯಾದರೆ ಬಿಸಿಲಿಗೆ ಕಣ್ಣು ಕೋರೈಸುತ್ತದೆ. ಕಪ್ಪಾದರೆ ಹೊರಗಿನದು ಚೆನ್ನಾಗಿ ಕಾಣುತ್ತದೆ, ಆದರೆ ಕಾಯುತ್ತದೆ. ಬೆನ್ನು ಬಿಳಿ, ಒಳಮುಖ ಬೂದು ಇರುವ ಬಟ್ಟೆಯೂ ಬರುತ್ತದೆ. ಸಿಕ್ಕರೆ ಬಿಡಬೇಡಿ.

ಅಳತೆ

ಕಿಟಕಿ ಚೌಕಟ್ಟಿನ ಒಳಗೆ ಕೂರಿಸುವುದು ಒಂದು ವಿಧಾನ, ಗೋಡೆಯ ಮೇಲೆ ಕೂರಿಸುವುದು ಇನ್ನೊಂದು. ಒಳಗೆ ಕೂರಿಸಿದರೆ ನೋಟ ಚೆಂದ. ಆದರೆ ಎರಡೂ ತುದಿಯ ಬ್ರ್ಯಾಕೆಟ್ ಜಾಗ ತಿನ್ನುವುದರಿಂದ ಬಟ್ಟೆ ಚೌಕಟ್ಟಿಗಿಂತ ಒಂದರಿಂದ ಒಂದೂವರೆ ಇಂಚು ಕಿರಿದಾಗುತ್ತದೆ, ಆ ಸಂದಿಯಲ್ಲಿ ಬಿಸಿಲು ಗೆರೆಯಾಗಿ ಬೀಳುತ್ತದೆ. ಪಶ್ಚಿಮಕ್ಕೆ ಗೋಡೆಯ ಮೇಲೆ ಕೂರಿಸುವುದೇ ವಾಸಿ. ನಾಲ್ಕೂ ಕಡೆ ನಾಲ್ಕು ನಾಲ್ಕು ಇಂಚು ಹೆಚ್ಚಿಗೆ ಹಿಡಿಯಿರಿ. ನಾಲ್ಕಡಿಗೆ ನಾಲ್ಕೂವರೆ ಅಡಿಯ ಕಿಟಕಿ 18 ಚದರಡಿ. ಹೀಗೆ ಹೆಚ್ಚಿಸಿದರೆ 24 ಚದರಡಿ ದಾಟುತ್ತದೆ. ದರ ಚದರಡಿ ಲೆಕ್ಕದಲ್ಲಿರುವುದರಿಂದ ಬಿಲ್ಲು ಮೂರನೇ ಒಂದು ಭಾಗ ಏರುತ್ತದೆ. ಈ ಲೆಕ್ಕವನ್ನು ಅಂಗಡಿಗೆ ಹೋಗುವ ಮುಂಚೆಯೇ ಮನೆಯಲ್ಲಿ ಮಾಡಿ.

ಒಳಗೇ ಕೂರಿಸುವುದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನು ಬರೆಯಿರಿ. ಎತ್ತರದಲ್ಲಿ ಹೆಚ್ಚು ಬಂದದ್ದನ್ನು ಬರೆಯಿರಿ. ನಮ್ಮ ಕಡೆಯ ಪ್ಲಾಸ್ಟರು ಮೇಲಿಂದ ಕೆಳಗೆ ಒಂದೇ ಸಮ ಇರುವುದು ಅಪರೂಪ. ಮಿಲಿಮೀಟರಿನಲ್ಲಿ, ಸ್ಟೀಲಿನ ಟೇಪಿನಿಂದ ಅಳೆಯಿರಿ, ಹೊಲಿಗೆಯ ಟೇಪು ಬೇಡ. ಒಳಕ್ಕೆ ತೆರೆಯುವ ಬಾಗಿಲಿದೆಯೇ, ಗ್ರಿಲ್ಲಿನ ಹಿಡಿಕೆ ಮುಂದೆ ಚಾಚಿದೆಯೇ, ಸೊಳ್ಳೆ ಜಾಳಿಗೆ ಎಲ್ಲಿದೆ ಎಂಬುದನ್ನು ನೋಡಿಕೊಳ್ಳಿ. ಕುಷ್ಟಗಿ ಕಡೆ ಕಿಟಕಿಗೆ ಗ್ರಾನೈಟ್ ಚೌಕಟ್ಟು ಕೂರಿಸುವುದು ಸಾಮಾನ್ಯ. ಅದರ ಅಂಚಿಗೆ ಡ್ರಿಲ್ ಹೊಡೆದರೆ ಚಕ್ಕೆ ಏಳುತ್ತದೆ, ಬ್ರ್ಯಾಕೆಟ್ಟನ್ನು ಗೋಡೆಗೇ ಹಾಕಿಸಿ. ಆರೇಳು ಅಡಿ ಅಗಲದ ಕಿಟಕಿಗೆ ಒಂದೇ ಬ್ಲೈಂಡ್ ಬೇಡ. ಬಟ್ಟೆ ಸುತ್ತುವ ಕೊಳವೆ ನಡುವೆ ಬಾಗಿ ಬಟ್ಟೆ ಸುಕ್ಕಾಗುತ್ತದೆ, ಎರಡು ಮಾಡಿಸಿ. ಬಣ್ಣದ ಗಾಜು ಹಾಕಿದ್ದರೆ ಗಾಜಿಗೂ ಬಟ್ಟೆಗೂ ಎರಡು ಮೂರು ಇಂಚು ಅಂತರ ಬಿಡಿ, ನಡುವೆ ಕಾವು ಕಟ್ಟಿ ಗಾಜು ಬಿರುಕು ಬಿಡುವುದುಂಟು.

ದೂಳು, ಗಾಳಿ, ಹುಳು

ಇವುಗಳ ಕಾಟ ಊರಿಂದೂರಿಗೆ ಬೇರೆ. ಯಲಬುರ್ಗಾ, ಕುಷ್ಟಗಿಯಲ್ಲಿ ಎರೆಹೊಲದ ದೂಳು ಮತ್ತು ಆಷಾಢದ ಗಾಳಿ. ಕಿಟಕಿ ತೆರೆದು ಬ್ಲೈಂಡ್ ಇಳಿಬಿಟ್ಟರೆ ಕೆಳಪಟ್ಟಿ ಗೋಡೆಗೆ ಬಡಿದು ಬಡಿದು ಬಟ್ಟೆಯ ಅಂಚು ಹರಿಯುತ್ತದೆ. ಗಾಳಿ ಇದ್ದಾಗ ಮೇಲೆ ಸುತ್ತಿಡಿ. ಕಾರ್ಖಾನೆಗಳಿರುವ ಗಿಣಿಗೇರಾ ಸುತ್ತ ಕಪ್ಪು ದೂಳು ಕೂರುತ್ತದೆ, ಅಲ್ಲಿ ನೇಯ್ಗೆಯ ಒರಟು ಬಟ್ಟೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಲು ಬರುವ ನಯವಾದ ಲೇಪನದ್ದೇ ಇರಲಿ. ಬೆನ್ನಿನ ಬಿಳಿಯ ಮೇಲೆ ಮಸಿ ಕೂತರೆ ಅದು ಬಿಸಿಲನ್ನು ತಿರುಗಿಸುವುದು ಕಡಿಮೆಯಾಗುತ್ತದೆ, ಆದ್ದರಿಂದ ಬೆನ್ನನ್ನೂ ಒರೆಸಿ. ಗಂಗಾವತಿಯ ಕಾಲುವೆ ನೀರಿನ ಪ್ರದೇಶದಲ್ಲಿ ತೇವ ಹೆಚ್ಚು, ಬ್ರ್ಯಾಕೆಟ್ ತುಕ್ಕು ಹಿಡಿಯದ್ದಾಗಿರಲಿ. ಭತ್ತ ತೆನೆಗಟ್ಟುವ ಕಾಲಕ್ಕೆ ಬೆಳಕಿಗೆ ಮುತ್ತುವ ಜಿಗಿಹುಳು ಸುರುಳಿಯ ಮಡಿಕೆಯಲ್ಲಿ ಸಿಕ್ಕಿ ಕಲೆ ಮಾಡುತ್ತದೆ. ಆ ದಿನಗಳಲ್ಲಿ ಸಂಜೆ ದೀಪ ಹಚ್ಚುವ ಮೊದಲೇ ಬ್ಲೈಂಡ್ ಇಳಿಸಿ, ಸುತ್ತುವ ಮುನ್ನ ಕೊಡವಿ.

ಆರ್ಡರ್ ಕೊಡುವಾಗ

ಅಳತೆಗೆ ಕತ್ತರಿಸಿದ ಮಾಲನ್ನು ಅಂಗಡಿಯವರು ವಾಪಸು ಪಡೆಯುವುದಿಲ್ಲ. ಅಗಲ, ಎತ್ತರ, ಆ ಅಗಲ ಬಟ್ಟೆಯದೋ ಬ್ರ್ಯಾಕೆಟ್ ಸೇರಿಸಿಯೋ, ಸರಪಳಿ ಯಾವ ಬದಿಗೆ, ಬಟ್ಟೆಯ ನಂಬರು, ಬೆನ್ನಿನ ಬಣ್ಣ, ಇಷ್ಟನ್ನೂ ಬಿಲ್ಲಿನಲ್ಲಿ ಬರೆಸಿ. ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ಮೇಲೆ ಆರ್ಡರ್ ಕೊಟ್ಟರೆ ಬಿಸಿಲೇರುವಷ್ಟರಲ್ಲಿ ಕೈಗೆ ಬರುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಇದ್ದ ಬಟ್ಟೆಯನ್ನೇ ಒಪ್ಪಬೇಕಾದೀತು. ಅಷ್ಟು ದುಡ್ಡು ಕಷ್ಟವೆನಿಸಿದರೆ ಇರುವ ಪರದೆಗೇ ಹಿಂದೆ ದಪ್ಪ ಬಿಳಿ ಬಟ್ಟೆಯ ಅಸ್ತರು ಹೊಲಿಸಿ, ಅದೂ ಒಳ್ಳೆಯ ಕೆಲಸ ಮಾಡುತ್ತದೆ.

ಬಳಕೆಯ ಕ್ರಮ ಇಷ್ಟೇ. ಬಿಸಿಲು ಗಾಜಿಗೆ ತಾಗುವ ಮೊದಲೇ ಬ್ಲೈಂಡ್ ಇಳಿಸಿ, ಕಿಟಕಿ ಮುಚ್ಚಿ. ಹೊರಗಿನ ಗಾಳಿ ತಣ್ಣಗಾದ ಮೇಲೆ ಎರಡನ್ನೂ ಪೂರ್ತಿ ತೆರೆಯಿರಿ.

ಕೊನೆಯದಾಗಿ, ಮಕ್ಕಳಿರುವ ಮನೆಯವರಿಗೆ ಒಂದು ಮಾತು. ತೂಗುವ ಸರಪಳಿಯ ಕುಣಿಕೆಗೆ ಮಗುವಿನ ಕುತ್ತಿಗೆ ಸಿಕ್ಕರೆ ಜೀವಕ್ಕೇ ಅಪಾಯ. ಸರಪಳಿಯನ್ನು ಗೋಡೆಗೆ ಬಿಗಿಯುವ ಕ್ಲಿಪ್ ಹಾಕಿಸದೆ ಜೋಡಿಸುವವರನ್ನು ಮನೆಯಿಂದ ಕಳಿಸಬೇಡಿ, ಆ ಕಿಟಕಿಯ ಕೆಳಗೆ ಮಂಚವನ್ನೂ ತೊಟ್ಟಿಲನ್ನೂ ಇಡಬೇಡಿ.