ನೀ ಯಾರಂತ ನಾ ಹ್ಯಾಂಗ ನಂಬಲಿ?

ಸೇಡಂ, ಚಿಂಚೋಳಿ ಕಡೆಯ ಹಿರಿಯರ ಬ್ಯಾಂಕ್ ದಾಖಲೆ ತೆರೆದರೆ ಹುಟ್ಟಿದ ದಿನದ ಜಾಗದಲ್ಲಿ ಮತ್ತೆ ಮತ್ತೆ ಒಂದೇ ತಾರೀಖು ಕಾಣುತ್ತದೆ: ಜನವರಿ 1. ಆಧಾರ್ ನೋಂದಣಿಯ ವೇಳೆ ಜನನದ ಕಾಗದ ಇಲ್ಲದವರ ವಯಸ್ಸನ್ನು ಅಂದಾಜಿನ ಮೇಲೆ ಬರೆದುಕೊಂಡರು. ವರ್ಷ ಅಂದಾಜಿನದು, ದಿನ ಮತ್ತು ತಿಂಗಳು ತಾನಾಗಿ ಜನವರಿ 1. ಆಮೇಲೆ 2014ರ ಆಗಸ್ಟಿನಲ್ಲಿ ಜನಧನ ಯೋಜನೆ ಬಂದು ಊರೂರಲ್ಲಿ ಖಾತೆ ತೆರೆದಾಗ ಅದೇ ತಾರೀಖು ಬ್ಯಾಂಕಿನೊಳಗೂ ಹೋಯಿತು. ಸಾಲಿಗೆ ಹೋದವರದ್ದಾದರೆ ಬಹಳ ಸಲ ಜೂನ್ 1. ಅದು ಹೆಸರು ಹಚ್ಚುವಾಗ ಮಾಸ್ತರರು ಕೊಟ್ಟ ಹುಟ್ಟುಹಬ್ಬ.

ನಾನು ಅದೇ ಕಲಬುರಗಿ ಜಿಲ್ಲೆಯ ವಾಡಿಯವಳು. ಬೆಂಗಳೂರಿನ ಕಾಲ್ ಸೆಂಟರೊಂದರಲ್ಲಿ ಕೂತು ಒಂದು ಬ್ಯಾಂಕಿನ ಸಹಾಯವಾಣಿಗೆ ಬರುವ ಕನ್ನಡದ ಕರೆಗಳನ್ನು ತೆಗೆದುಕೊಳ್ಳುತ್ತೇನೆ. ನಮ್ಮ ಸೀಮೆಯ ಕರೆ ಮೊದಲ ಮಾತಿಗೇ ಗುರುತು ಸಿಗುತ್ತದೆ. "ಗೃಹಲಕ್ಷ್ಮಿ ರೊಕ್ಕ ಬಂದದೇನು ನೋಡವ್ವಾ" ಅನ್ನುತ್ತಾರೆ. ನೋಡುವ ಮೊದಲು ಮಾತಾಡುತ್ತಿರುವವರು ಖಾತೆಯವರೇ ಹೌದೋ ಅಲ್ಲವೋ ಎಂದು ನಾನು ತಿಳಿದುಕೊಳ್ಳಬೇಕು. ಹುಟ್ಟಿದ ತಾರೀಖು ಕೇಳಿದರೆ, "ಮಳಿಗಾಲದಾಗ ಹುಟ್ಟೀನಂತ ನಮ್ಮವ್ವ ಹೇಳ್ತಿದ್ಳು, ತಾರೀಕು ಬರಕೊಂಡವರಿಗೇ ಗೊತ್ತದ" ಎಂಬ ಉತ್ತರ ಬರುತ್ತದೆ. ಆ ತಾಯಿ ಹೇಳಿದ್ದು ನಿಜ, ನನ್ನ ಪರದೆಯ ಮೇಲಿರುವುದೇ ಸುಳ್ಳು. ಆದರೂ ವೆರಿಫಿಕೇಶನ್ ಪಾಸಾಗಬೇಕಾದರೆ ಆಕೆ ಆ ಸುಳ್ಳನ್ನೇ ಹೇಳಬೇಕು. ಇತ್ತ ನಮ್ಮ ಜಿಲ್ಲೆಯ ರೀತಿ ಬಲ್ಲ ಮೋಸಗಾರನೊಬ್ಬ ಮೊದಲ ಊಹೆಗೇ ಜನವರಿ 1 ಎಂದು ಹೇಳಿ ದಾಟಿಬಿಡಬಲ್ಲ. ಖರೇ ಮನುಷ್ಯರನ್ನು ತಡೆದು ಕಳ್ಳನನ್ನು ಒಳಗೆ ಬಿಡುವ ಇಂಥ ಪ್ರಶ್ನೆ ಇನ್ನೂ ಪಟ್ಟಿಯ ಮೊದಲಲ್ಲೇ ಕೂತಿರುವುದು ನನಗೆ ಒಪ್ಪಿಗೆಯಿಲ್ಲ.

ಹೆಸರಿನದೂ ಇಂಥದೇ ಪಾಡು. ಶರಣಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದವರು ಒಂದು ‘ಪಿ’ ಹಾಕಿದರೋ ಎರಡು ಹಾಕಿದರೋ ಎಂಬುದು ಶರಣಪ್ಪನವರಿಗೆ ಗೊತ್ತಿರಬೇಕಾಗಿಲ್ಲ. ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ರೂಢಿ ನಮ್ಮ ಕಡೆ ಇದೆ. ಹಾಗಾಗಿ ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ನಾಮಿನಿಯ ಹೆಸರು ಕೇಳುವಾಗ ಬರುವ ತೊಡಕು ಬೇರೆಯದು. ನಾಮಿನಿ ಗಂಡನೇ ಆಗಿದ್ದರೆ ವಯಸ್ಸಾದ ಹೆಣ್ಣುಮಕ್ಕಳು ಸುಮ್ಮನಾಗಿಬಿಡುತ್ತಾರೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ, ಹೇಳಲೇಬೇಕಾದಾಗ ಒಡಪು ಕಟ್ಟಿ ಅದರೊಳಗೆ ಇಟ್ಟು ಬಾಳಿದವರು ಅವರು. ಪಕ್ಕದಲ್ಲಿದ್ದ ಮೊಮ್ಮಗಳು ಹೆಸರು ಹೇಳಿಕೊಟ್ಟರೆ ಅದನ್ನು ನಾನು ಎಣಿಸುವಂತಿಲ್ಲ, ಬೇರೆಯವರ ದನಿ ಕೇಳಿಸಿತೆಂದು ಕರೆಯನ್ನೇ ನಿಲ್ಲಿಸಬೇಕು. ನಮ್ಮ ಕರೆಗಳನ್ನು ಆಮೇಲೆ ಕೇಳಿ ಅಂಕ ಹಾಕುವವರು ಇರುತ್ತಾರೆ. ವೆರಿಫಿಕೇಶನ್ನಿನಲ್ಲಿ ಒಂದು ಹೆಜ್ಜೆ ತಪ್ಪಿದರೂ ಅದು ‘ಫೇಟಲ್’. ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಆ ಕರೆಗೆ ಸೊನ್ನೆ.

ಇಷ್ಟಾದರೂ ನಿಯಮ ಬೇಡವೆಂದು ನಾನು ಹೇಳಲಾರೆ. ಚಿತ್ತಾಪುರ ತಾಲೂಕಿನ ಒಬ್ಬ ಮುತ್ಯಾ ಪ್ರತಿ ಪ್ರಶ್ನೆಗೂ ಒಂದು ಕ್ಷಣ ತಡೆದು ಉತ್ತರಿಸುತ್ತಿದ್ದರು. ಹಿಂದೆ ಯಾರೋ ಪಿಸುಗುಟ್ಟುತ್ತಿದ್ದರು. ನಮ್ಮ ಪಟ್ಟಿಯಲ್ಲಿ ಪ್ರಶ್ನೆ ಆರಿಸಿಕೊಳ್ಳಲು ಸ್ವಲ್ಪ ಅವಕಾಶವಿದೆ, ಹಾಗಾಗಿ ಕರೆ ನಿಲ್ಲಿಸುವ ಮೊದಲು ಒಂದು ಪ್ರಶ್ನೆ ಬದಲಿಸಿ ನೋಡಿದೆ. "ಮುತ್ಯಾ, ಕಡೀ ಸಲ ರೊಕ್ಕ ಎಲ್ಲಿ ತೆಗೆದ್ರಿ, ಬ್ಯಾಂಕಿನಾಗೋ, ಊರಾಗ ಬ್ಯಾಂಕ್ ಮಿತ್ರನ ಹತ್ರ ಬೆರಳು ಒತ್ತಿಯೋ?" ಎಂದು ಕೇಳಿದೆ. "ನಾ ಎಲ್ಲಿ ತೆಗೆದೀನಿ? ರೊಕ್ಕ ಹಾಂಗೇ ಅದಲ್ಲ" ಎಂದರು. ಪಿಸುದನಿ ನಿಂತಿತು. ಪರದೆಯಲ್ಲಿ ಬೇರೆಯೇ ಲೆಕ್ಕವಿತ್ತು. ನಾನು ಏನನ್ನೂ ಬಾಯಿಬಿಡದೆ, ಪಾಸ್‌ಬುಕ್ ಹಿಡಿದು ನೀವೇ ಶಾಖೆಗೆ ಹೋಗಬೇಕು ಎಂದಷ್ಟೇ ಒತ್ತಿ ಹೇಳಿದೆ. ಅಂದಿನಿಂದ ತಾರೀಖು, ಸ್ಪೆಲ್ಲಿಂಗುಗಳಿಗಿಂತ ಮನುಷ್ಯ ತಾನೇ ಮಾಡಿದ ಕೆಲಸದ ಬಗ್ಗೆ ಕೇಳುವುದನ್ನು ರೂಢಿ ಮಾಡಿಕೊಂಡೆ. ಖಾತೆ ತೆರೆದ ಶಾಖೆ ಯಾವುದು, ಕಳೆದ ಸಲ ಎಷ್ಟು ತೆಗೆದಿರಿ, ಪಿ.ಎಂ. ಕಿಸಾನ್ ಕಂತು ಈ ಖಾತೆಗೆ ಬರುತ್ತದೋ ಬೇರೆ ಖಾತೆಗೋ. ಬರೆಯಲು ಬಾರದವರೂ ಇವಕ್ಕೆ ತಡವರಿಸದೆ ಉತ್ತರ ಕೊಡುತ್ತಾರೆ. ರೊಕ್ಕದ ನೆನಪು ಬಡವರಲ್ಲಿ ಬಹಳ ಗಟ್ಟಿ.

ಮೊಬೈಲ್ ನಂಬರು ಇನ್ನೊಂದು ತಲೆನೋವು. ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದವರು ಅಲ್ಲಿ ಹೊಸ ಸಿಮ್ ಹಾಕುತ್ತಾರೆ. ತೊಂಬತ್ತು ದಿನ ಬಳಸದ ಹಳೆಯ ಪ್ರೀಪೇಡ್ ನಂಬರು ರದ್ದಾಗಿ, ಕಾಲ ಕಳೆದ ಮೇಲೆ ಬೇರೊಬ್ಬರಿಗೆ ಹೋಗಬಹುದು. ಬ್ಯಾಂಕಿನಲ್ಲಿ ಮಾತ್ರ ಹಳೆಯದೇ ಉಳಿದು, ಓಟಿಪಿ ಗುರುತಿಲ್ಲದವರ ಕೈಗೆ ಹೋಗುತ್ತದೆ.

ನನ್ನನ್ನು ಬಹಳ ಕಾಡಿದ್ದು ಶಹಾಬಾದದ ಕಲ್ಲಿನ ಖಣಿಯಲ್ಲಿ ದುಡಿಯುವ ಒಬ್ಬರ ಕರೆ. ಯಾರಿಗೋ ಓಟಿಪಿ ಹೇಳಿಬಿಟ್ಟಿದ್ದರು. ಖಾತೆಯಿಂದ ರೊಕ್ಕ ಹೋಗುತ್ತಲೇ ಇತ್ತು. ನಾನು ಹುಟ್ಟಿದ ತಾರೀಖು ಕೇಳಬೇಕಿತ್ತು. "ಮೊದಲ ಬಂದ್ ಮಾಡ್ರಿ ಅಕ್ಕಾ, ಆಮ್ಯಾಲ ಕೇಳ್ರಿ" ಎಂದು ಅವರು ಅಳುತ್ತಿದ್ದರು. ಅವರು ಕೇಳಿದ್ದರಲ್ಲಿ ತಪ್ಪೇನಿದೆ? ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ಗ್ರಾಹಕ ಓಟಿಪಿ ಕೊಟ್ಟು ಕಳೆದುಕೊಂಡರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ನಂತರದ್ದು ಬ್ಯಾಂಕಿನದು. ಹಾಗಾದರೆ ‘ತಿಳಿಸಿದ’ ಗಳಿಗೆ ಯಾವುದು? ಅವರು ಫೋನಿನಲ್ಲಿ ಮೊದಲ ಮಾತು ಆಡಿದ್ದೋ, ಪ್ರಶ್ನೆಗಳನ್ನೆಲ್ಲ ದಾಟಿ ಬಂದದ್ದೋ? ಈಗ ಇಂಥ ಕರೆ ಬಂದರೆ ನಾನು ಪ್ರಶ್ನೆ ಶುರುಮಾಡುವ ಮೊದಲೇ ಕರೆಯ ಹೊತ್ತನ್ನೂ ಹೇಳಿದ ದೂರನ್ನೂ ಬರೆದಿಡುತ್ತೇನೆ. 1930ಕ್ಕೂ ಕೂಡಲೇ ಫೋನ್ ಮಾಡಿ ಎನ್ನುತ್ತೇನೆ, ಅದು ಸೈಬರ್ ವಂಚನೆಯ ಸಹಾಯವಾಣಿ. ಖಾತೆಯ ವಿವರ ಕೊಡುವುದಕ್ಕೆ ಎಷ್ಟು ಬೇಕಾದರೂ ಪ್ರಶ್ನೆ ಇರಲಿ. ಕಾರ್ಡ್ ಬಂದ್ ಮಾಡುವುದಕ್ಕೆ ಅಷ್ಟೊಂದು ಬೇಡ. ತಪ್ಪಿ ಬಂದ್ ಆದ ಕಾರ್ಡಿನ ಬದಲು ಹೊಸದು ಸಿಗುತ್ತದೆ, ಹೋದ ಕೂಲಿ ರೊಕ್ಕ ಹಾಗೆ ಸಿಗುವುದಿಲ್ಲ.

ಕೆಲವು ದಿನ ನಾವೇ ಗ್ರಾಹಕರಿಗೆ ಫೋನ್ ಮಾಡಬೇಕು, ಕೆ.ವೈ.ಸಿ. ಬಾಕಿಯಿದೆ ಎಂದು ತಿಳಿಸಲು. ಹಾಗೆ ಮಾಡಿದಾಗ ಚಿಂಚೋಳಿ ಕಡೆಯ ತಾಂಡಾದ ಒಬ್ಬ ಹೆಣ್ಣುಮಗಳು ನನ್ನನ್ನು ನಡುವೆಯೇ ನಿಲ್ಲಿಸಿದರು. "ಮೊನ್ನಿ ಒಬ್ಬಾವ ಹಿಂಗೇ ಬ್ಯಾಂಕಿನವ ಅಂತ ಮಾತಾಡಿದ್ದ. ನೀ ಯಾರಂತ ನಾ ಹ್ಯಾಂಗ ನಂಬಲಿ?" ಎಂದರು. ನನ್ನ ಹತ್ತಿರ ಕೊಡಲು ಹೆಸರೊಂದು ಬಿಟ್ಟು ಬೇರೆ ಪುರಾವೆ ಇರಲಿಲ್ಲ. ಹೆಸರನ್ನು ಯಾರು ಬೇಕಾದರೂ ಹೇಳಬಹುದು. ಬ್ಯಾಂಕುಗಳು ಇಂಥ ಸೇವಾ ಕರೆಗಳನ್ನು 1600ರಿಂದ ಶುರುವಾಗುವ ನಂಬರುಗಳಿಂದಲೇ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿತು. ಒಳ್ಳೆಯದೇ ಆಯಿತು, ಆದರೆ ಆ ಸಂಗತಿ ತಾಂಡಾದವರೆಗೆ ಮುಟ್ಟಬೇಕಲ್ಲ. ನಾನು ಆಕೆಗೆ, "ನನಗೇನೂ ಹೇಳಬ್ಯಾಡ್ರಿ. ಫೋನ್ ಇಡ್ರಿ, ಪಾಸ್‌ಬುಕ್ಕಿನ ಮ್ಯಾಲಿನ ನಂಬರಿಗೆ ನೀವೇ ಹಚ್ಚಿ ಕೇಳ್ರಿ" ಎಂದೆ. ಲೆಕ್ಕದ ಹಾಳೆಯಲ್ಲಿ ಅದು ನನ್ನ ಪಾಲಿಗೆ ಪೂರ್ತಿಯಾಗದ ಕರೆ.

ನಾವು ಓದಿ ಹೇಳಬೇಕಾದ ಮಾತಿನಲ್ಲಿ, ಫೋನ್ ಇಟ್ಟು ಪಾಸ್‌ಬುಕ್ಕಿನ ನಂಬರಿಗೆ ನೀವೇ ಕೇಳಿ ಎಂಬ ಈ ವಾಕ್ಯವೇ ಮೊದಲು ಬರಬೇಕು, ಹೀಗೆ ಮುಗಿದ ಕರೆಗಳಿಗೆ ಹುಡುಗರ ಅಂಕ ಕಳೆಯಬಾರದು ಎಂದು ಟೀಮ್ ಲೀಡರಿಗೆ ಬರೆದುಕೊಟ್ಟಿದ್ದೇನೆ. ಇನ್ನೂ ಬದಲಾಗಿಲ್ಲ. ಹೊಸದಾಗಿ ಸೇರಿದ ಕಲಬುರಗಿ ಕಡೆಯ ಹುಡುಗಿಯರು ನನ್ನ ಪಕ್ಕ ಕೂತು ಕೆಲಸ ಕಲಿಯುವಾಗ, ಗ್ರಾಹಕರು ಕೇಳುವ ಮೊದಲೇ ಆ ವಾಕ್ಯವನ್ನು ಹೇಳುವುದನ್ನು ಕಲಿಸುತ್ತಿದ್ದೇನೆ.